ಅವಕಲಿಸುವ ಮೊದಲು ಓದಲು ಕಲಿಸಿ

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂತೆಂದರೆ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ಕಲನಶಾಸ್ತ್ರದ ಸೂತ್ರಗಳ ಪಟ್ಟಿ ಅಚ್ಚಾಗುತ್ತದೆ. ಅದರಲ್ಲಿ ಸರಪಳಿ ನಿಯಮಕ್ಕೆ, ಅಂದರೆ ತರಗತಿಯಲ್ಲಿ ಎಲ್ಲರೂ ಚೈನ್ ರೂಲ್ ಎನ್ನುವುದಕ್ಕೆ, ಸಿಗುವುದು ಒಂದೇ ಸಾಲು: ‘ಡಿವೈ ಬೈ ಡಿಎಕ್ಸ್ ಅಂದರೆ ಡಿವೈ ಬೈ ಡಿಯು ಇಂಟು ಡಿಯು ಬೈ ಡಿಎಕ್ಸ್, ಮೇಲಿನ ಡಿಯು, ಕೆಳಗಿನ ಡಿಯು ಹೊಡೆದುಹೋಗುತ್ತವೆ.’ ಸೂತ್ರ ಸರಿ. ಹೊಡೆದುಹೋಗುವ ಮಾತು ಅರ್ಧ ಸರಿ. ಆದರೆ ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪುಗಳು ಈ ಸಾಲು ಗೊತ್ತಿಲ್ಲದೆ ಆಗುವಂಥವಲ್ಲ. ಸೂತ್ರ ಬಾಯಿಪಾಠ ಇರುತ್ತದೆ. ಎದುರಿಗಿರುವ ಉಕ್ತಿಯಲ್ಲಿ ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಓದಲು ಬರುವುದಿಲ್ಲ. ಅದನ್ನು ಓದುವುದು ಹೇಗೆ, ಓದದಿದ್ದರೆ ಎಲ್ಲಿ ಎಡವುತ್ತಾರೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ಸೂತ್ರಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇವೆ.

ಫಲನವೆಂದರೆ ಫಂಕ್ಷನ್. ಸಂಯುಕ್ತ ಫಲನವೆಂದರೆ ಒಂದು ಫಲನದ ಬೆಲೆಯನ್ನು ಇನ್ನೊಂದು ಫಲನಕ್ಕೆ ಉಣಿಸುವುದು. (ಎಕ್ಸ್² + 1)³ ತೆಗೆದುಕೊಳ್ಳಿ. ಎಕ್ಸ್ ಜಾಗದಲ್ಲಿ 2 ಹಾಕಿ ಕ್ಯಾಲ್ಕುಲೇಟರ್‌ನಲ್ಲಿ ಬೆಲೆ ಕಟ್ಟಿ ನೋಡಿ: ಮೊದಲು ವರ್ಗ, 4, ಆಮೇಲೆ 1 ಕೂಡಿಸಿ, 5, ಕೊನೆಗೆ ಘನ, 125. ಕೊನೆಗೆ ಒತ್ತಿದ ಗುಂಡಿ ಯಾವುದೋ ಅದೇ ಅತಿ ಹೊರಗಿನ ಫಲನ. ಅವಕಲನ, ಅಂದರೆ ಬದಲಾವಣೆಯ ದರ ತೆಗೆಯುವ ಡಿಫರೆನ್ಷಿಯೇಷನ್, ಶುರುವಾಗುವುದು ಅಲ್ಲಿಂದ, ಹೋಗುವುದು ಒಳಕ್ಕೆ. ಬೆಲೆ ಕಟ್ಟುವ ದಾರಿ ಒಳಗಿನಿಂದ ಹೊರಕ್ಕೆ, ಅವಕಲಿಸುವ ದಾರಿ ಹೊರಗಿನಿಂದ ಒಳಕ್ಕೆ. ಉಕ್ತಿಯನ್ನು ಎಡದಿಂದ ಬಲಕ್ಕೆ ಓದುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಘನದ 3 ಕಾಣಿಸುವುದು ಬಲತುದಿಯಲ್ಲಿ.

ಆದ್ದರಿಂದ ಯಾವುದೇ ಲೆಕ್ಕದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಸೂತ್ರ?’ ಎಂಬುದಲ್ಲ, ‘ಕೊನೆಗೆ ಮಾಡುವ ಕೆಲಸ ಯಾವುದು?’ ಎಂಬುದು. ಕೊನೆಯ ಕೆಲಸ ಕೂಡುವುದಾದರೆ ಪದಪದವಾಗಿ ಬಿಡಿಸಿ. ಎರಡು ಉಕ್ತಿಗಳನ್ನು ಗುಣಿಸುವುದಾದರೆ ಗುಣಲಬ್ಧ ನಿಯಮ, ಭಾಗಿಸುವುದಾದರೆ ಭಾಗಲಬ್ಧ ನಿಯಮ. ಘಾತಕ್ಕೇರಿಸುವುದು, ಮೂಲ ತೆಗೆಯುವುದು, ಸೈನ್ ಅಥವಾ ಲಾಗ್ ಒತ್ತುವುದು ಕೊನೆಯದಾಗಿದ್ದು, ಒಳಗೆ ಬರೀ ಎಕ್ಸ್ ಅಲ್ಲದೆ ಬೇರೇನಾದರೂ ಇದ್ದರೆ ಸರಪಳಿ ನಿಯಮ. ಎಕ್ಸ್(2ಎಕ್ಸ್ + 1)⁴ ಕಂಡೊಡನೆ 4 ಅನ್ನು ಇಳಿಸಲು ಓಡುವವರಿದ್ದಾರೆ. ಇಲ್ಲಿ ಕೊನೆಯ ಕೆಲಸ ಗುಣಾಕಾರ, ಘಾತವಲ್ಲ. ಗುಣಲಬ್ಧ ನಿಯಮ ಮೊದಲು, ಅದರ ಎರಡನೆಯ ಪದದೊಳಗೆ ಮಾತ್ರ ಸರಪಳಿ: (2ಎಕ್ಸ್ + 1)⁴ + ಎಕ್ಸ್ · 4(2ಎಕ್ಸ್ + 1)³ · 2. ಸಾಮಾನ್ಯ ಅಪವರ್ತನ ಹೊರತೆಗೆದರೆ (2ಎಕ್ಸ್ + 1)³(10ಎಕ್ಸ್ + 1).

ಮತ್ತೆ (ಎಕ್ಸ್² + 1)³ಕ್ಕೆ ಬರೋಣ. ಇದರ ಸರಿಯಾದ ನಿಷ್ಪನ್ನ (ಅವಕಲಿಸಿದಾಗ ಬರುವ ಫಲನ) 3(ಎಕ್ಸ್² + 1)² · 2ಎಕ್ಸ್, ಅಂದರೆ 6ಎಕ್ಸ್(ಎಕ್ಸ್² + 1)². ತಪ್ಪು ಉತ್ತರಗಳು ಮೂರು ಬಗೆಯವು. ಒಳಗಿನದನ್ನು ಅವಕಲಿಸಲು ಮರೆತು 3(ಎಕ್ಸ್² + 1)²ಕ್ಕೇ ನಿಲ್ಲುವುದು ಒಂದು. ಹೊರಗಿನದನ್ನು ಅವಕಲಿಸುವಾಗಲೇ ಒಳಗಿನದನ್ನೂ ಅವಕಲಿಸಿಬಿಟ್ಟು 3(2ಎಕ್ಸ್)² ಬರೆಯುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಅವಕಲಿಸಿ, ಹೊರಗಿನದರಲ್ಲಿ ಒಳಗಿನದನ್ನು ಕೂರಿಸದೆ 3ಎಕ್ಸ್² · 2ಎಕ್ಸ್ ಎಂದು ಗುಣಿಸುವುದು ಮತ್ತೊಂದು. ಮೊದಲನೆಯದು ಮರೆವು, ನಾಲ್ಕು ಸಲ ಕೆಂಪು ಗೆರೆ ಬಿದ್ದರೆ ಹೋಗುತ್ತದೆ. ಉಳಿದೆರಡು ಹಾಗಲ್ಲ. ನಿಯಮ ಏನು ಹೇಳುತ್ತಿದೆ ಎಂಬುದೇ ತಿಳಿದಿಲ್ಲ ಎನ್ನುವುದಕ್ಕೆ ಅವು ಸಾಕ್ಷಿ.

ಏನು ಹೇಳುತ್ತಿದೆ? ಎಕ್ಸ್ 2ರಲ್ಲಿದೆ, ಅದನ್ನು 0.001ರಷ್ಟು ಸರಿಸಿ. ಒಳಗಿನ ಎಕ್ಸ್² + 1 ಎಂಬುದು 5ರಿಂದ ಸುಮಾರು 5.004ಕ್ಕೆ ಹೋಗುತ್ತದೆ. ಒಳಗಿನ ಫಲನ ಅಲುಗಾಟವನ್ನು 4 ಪಟ್ಟು ಹಿಗ್ಗಿಸಿತು. 2ಎಕ್ಸ್ ಎಂಬುದರ ಬೆಲೆ 2ರಲ್ಲಿ 4 ತಾನೆ? ಈಗ ಹೊರಗಿನ ಘನದ ಕೈಗೆ ಬಂದಿರುವುದು 5ರ ಬಳಿಯ 0.004ರ ಅಲುಗಾಟ. ಘನದ ಹಿಗ್ಗಿಸುವ ಪಟ್ಟು 5ರಲ್ಲಿ 3 × 25 = 75. ಹಾಗಾಗಿ 0.004 × 75 = 0.300, ಮೊದಲಿನ 0.001ರ 300 ಪಟ್ಟು. ಸೂತ್ರದಲ್ಲಿ 2 ಹಾಕಿದರೂ 6 × 2 × 25 = 300. ಘನ ಎಂದೂ 2ನ್ನು ನೋಡಲೇ ಇಲ್ಲ, ಅದು ಕಂಡದ್ದು 5ನ್ನು. ಆದ್ದರಿಂದ ಅದರ ನಿಷ್ಪನ್ನವನ್ನು 5ರಲ್ಲಿ ತೆಗೆಯಬೇಕು, 2ರಲ್ಲಲ್ಲ. ಡಿವೈ ಬೈ ಡಿಯು ಎಂಬ ಗುರುತಿನಲ್ಲಿ ಈ ‘ಎಲ್ಲಿ’ ಎಂಬುದು ಕಾಣುವುದೇ ಇಲ್ಲ. ಗಣಿತಜ್ಞ ಲಗ್ರಾಂಜ್ ಬಳಕೆಗೆ ತಂದ ಡ್ಯಾಶ್ ಗುರುತಿನಲ್ಲಿ ಅದು ಎದ್ದು ಕಾಣುತ್ತದೆ: ಎಫ್ ಡ್ಯಾಶ್ ಆಫ್ ಜಿ ಆಫ್ ಎಕ್ಸ್, ಇಂಟು ಜಿ ಡ್ಯಾಶ್ ಆಫ್ ಎಕ್ಸ್. ಎಫ್ ಡ್ಯಾಶ್‌ನ ಆವರಣದೊಳಗೆ ಜಿ ಕುಳಿತಿದೆ, ಅದನ್ನು ಮುಟ್ಟುವಂತಿಲ್ಲ. ಕಲಿಯುವ ಮೊದಲ ವಾರವಾದರೂ ಡ್ಯಾಶ್ ಗುರುತಿನಲ್ಲೇ ಕಲಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ. ಡಿವೈ, ಡಿಯು ಆಮೇಲೆ ಬರಲಿ.

ಉತ್ತರವನ್ನು ತಾಳೆ ನೋಡುವ ಉಪಾಯವೂ ಇದರಲ್ಲೇ ಇದೆ, ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. 2.001ರಲ್ಲಿ ಮತ್ತು 1.999ರಲ್ಲಿ ಮೂಲ ಫಲನದ ಬೆಲೆ ಕಟ್ಟಿ, ಕಳೆದು, 0.002ರಿಂದ ಭಾಗಿಸಿ. 125.300315ರಲ್ಲಿ 124.700315 ಕಳೆದರೆ 0.600000, ಭಾಗಿಸಿದರೆ 300. ಬರೀ 2.001 ಮತ್ತು 2 ತೆಗೆದುಕೊಂಡರೆ 300.3 ಬರುತ್ತದೆ, ಎರಡೂ ಬದಿ ತೆಗೆದುಕೊಂಡರೆ ಲೆಕ್ಕ ಬಹಳ ಹತ್ತಿರ ಬರುತ್ತದೆ. ಮೇಲಿನ ತಪ್ಪು ಉತ್ತರಗಳಲ್ಲಿ ಮೊದಲನೆಯದು 75 ಕೊಡುತ್ತದೆ, ಉಳಿದೆರಡೂ 48. ಎರಡು ಬೇರೆ ತಪ್ಪುಗಳು 2ರಲ್ಲಿ ಒಂದೇ ಸಂಖ್ಯೆ ಕೊಡುವುದು ಬರೀ ಕಾಕತಾಳೀಯ. 3ರಲ್ಲಿ ಒಂದು 108, ಇನ್ನೊಂದು 162, ಸರಿಯುತ್ತರ 1800. ತಾಳೆ ನೋಡಲು 0 ಮತ್ತು 1ನ್ನು ಮಾತ್ರ ಆರಿಸಬೇಡಿ. 1ರ ವರ್ಗವೂ 1, ಘನವೂ 1. ಸೈನ್(ಎಕ್ಸ್²)ದ ನಿಷ್ಪನ್ನವನ್ನು ಯಾರಾದರೂ 2ಎಕ್ಸ್ ಕಾಸ್(ಎಕ್ಸ್) ಎಂದು ತಪ್ಪಾಗಿ ಬರೆದರೂ 1ರಲ್ಲಿ ಅದು ಸರಿಯುತ್ತರದ ಜೊತೆ ಹೊಂದಿಕೊಂಡುಬಿಡುತ್ತದೆ.

ಮೂರು ಪದರ ಇದ್ದರೂ ವಿಧಾನ ಬದಲಾಗದು, ಬರವಣಿಗೆಯಲ್ಲಿ ಶಿಸ್ತು ಬೇಕಷ್ಟೆ. ಸೈನ್³(5ಎಕ್ಸ್²) ಎಂಬುದನ್ನು ಮೊದಲು [ಸೈನ್(5ಎಕ್ಸ್²)]³ ಎಂದು ಆವರಣ ಹಾಕಿ ಮತ್ತೆ ಬರೆಯಿರಿ. ಈ ಒಂದು ಸಾಲು ಬರೆಯಲು ಸೋಮಾರಿತನ ಮಾಡಿ ಅಂಕ ಕಳೆದುಕೊಳ್ಳುವವರಿಗೆ ಲೆಕ್ಕವಿಲ್ಲ. ಸೈನ್‌ನ ತಲೆಯ ಮೇಲೆ ಕೂತ 3 ಮಧ್ಯದಲ್ಲಿರುವಂತೆ ಕಾಣುತ್ತದೆ, ಆದರೆ ಅದೇ ಅತಿ ಹೊರಗಿನದು. ಘನದಿಂದ 3 ಸೈನ್²(5ಎಕ್ಸ್²), ಸೈನ್‌ನಿಂದ ಕಾಸ್(5ಎಕ್ಸ್²), 5ಎಕ್ಸ್²ದಿಂದ 10ಎಕ್ಸ್. ಗುಣಿಸಿದರೆ 30ಎಕ್ಸ್ ಸೈನ್²(5ಎಕ್ಸ್²) ಕಾಸ್(5ಎಕ್ಸ್²). ಮೂರು ಪದರಕ್ಕೆ ಮೂರು ಅಪವರ್ತನ. ಎಣಿಸಿ ನೋಡಿ, ಒಂದು ಕಡಿಮೆಯಾದರೆ ಒಂದು ಕೊಂಡಿ ಬಿಟ್ಟಿದ್ದೀರಿ, ಹೆಚ್ಚಾದರೆ ಎಕ್ಸ್ ತಲುಪಿದ ಮೇಲೂ ನಿಲ್ಲದೆ ಹೋಗಿದ್ದೀರಿ. ಅಂದ ಹಾಗೆ ಸೈನ್‌ನ ಮೇಲೆ ಮೈನಸ್ 1 ಕೂತರೆ ಅದು ಘಾತವಲ್ಲ, ವಿಲೋಮ ಫಲನ. 2 ಮತ್ತು 3ಕ್ಕೆ ಒಂದು ಅರ್ಥ, ಮೈನಸ್ 1ಕ್ಕೆ ಇನ್ನೊಂದು! ಈ ಗುರುತನ್ನು ಮಾಡಿದವರನ್ನು ಬೈಯಬಹುದು, ಬದಲಾಯಿಸಲಾಗದು.

ಘಾತೀಯ ಫಲನಗಳಲ್ಲಿ ಬೇರೆಯದೇ ಎಡವಟ್ಟು. ಇ ಎಂಬ ಸ್ಥಿರಾಂಕದ ಘಾತ ಎಕ್ಸ್² ಎಂದು ಕೊಟ್ಟಾಗ ಎಕ್ಸ್ⁿ ನಿಯಮವನ್ನು ತಂದು ಘಾತವನ್ನು ಕೆಳಗಿಳಿಸಿ, ಮೇಲೆ ಒಂದು ಕಳೆಯುತ್ತಾರೆ. ಆ ನಿಯಮ ತಳದಲ್ಲಿ ಚಲಕ, ಘಾತದಲ್ಲಿ ಸ್ಥಿರಾಂಕ ಇದ್ದಾಗ ಮಾತ್ರ. ಇಲ್ಲಿ ತಳ ಸ್ಥಿರ, ಘಾತ ಚಲಿಸುತ್ತಿದೆ. ಸರಿಯುತ್ತರ: ಅದೇ ಫಲನ, ಇಂಟು 2ಎಕ್ಸ್. 2ರ ಘಾತ ಎಕ್ಸ್ ಎಂಬುದನ್ನು ಇ ಯ ಘಾತ (ಎಕ್ಸ್ · ಲಾಗ್ 2) ಎಂದು ಬರೆದುಕೊಂಡರೆ ಅದರ ನಿಷ್ಪನ್ನದಲ್ಲಿ ಲಾಗ್ 2, ಅಂದರೆ ಸುಮಾರು 0.693, ಎಲ್ಲಿಂದ ಬಂತೆಂದು ಬಾಯಿಪಾಠ ಮಾಡದೆಯೇ ಗೊತ್ತಾಗುತ್ತದೆ. ಈ ಪತ್ರದಲ್ಲಿ ಲಾಗ್ ಎಂದರೆ ಎಲ್ಲೆಡೆ ತಳ ಇ ಇರುವ ಸಹಜ ಲಾಗ್. ತಳ, ಘಾತ ಎರಡೂ ಎಕ್ಸ್ ಆದಾಗ ಎರಡು ನಿಯಮಗಳೂ ಸೋಲುತ್ತವೆ. ಇದೇ ಉಪಾಯ ಮಾಡಿದರೆ ಎಕ್ಸ್‌ನ ಘಾತ ಎಕ್ಸ್, ಇಂಟು (1 + ಲಾಗ್ ಎಕ್ಸ್) ಸಿಗುತ್ತದೆ. ಲಾಗ್(5ಎಕ್ಸ್)ನಲ್ಲಿ ಸರಿ ಮಾಡಿದವರೇ ಅನುಮಾನಪಟ್ಟು ಹೊಡೆದುಹಾಕುವುದುಂಟು: 1 ಬೈ 5ಎಕ್ಸ್, ಇಂಟು 5, ಕೊನೆಗೆ ಬರೀ 1 ಬೈ ಎಕ್ಸ್. 5 ಎಲ್ಲಿ ಹೋಯಿತು? ಲಾಗ್(5ಎಕ್ಸ್) ಎಂದರೆ ಲಾಗ್ 5 + ಲಾಗ್ ಎಕ್ಸ್. ಲಾಗ್ 5 ಸ್ಥಿರಾಂಕ, ಅದರ ನಿಷ್ಪನ್ನ ಸೊನ್ನೆ. ಎಲ್ಲಿಯೂ ಹೋಗಿಲ್ಲ, ಇರಲೇ ಇಲ್ಲ.

ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಸೈನ್‌ನ ನಿಷ್ಪನ್ನ ಕಾಸ್ ಅಲ್ಲ. ಡಿಗ್ರಿಯನ್ನು ರೇಡಿಯನ್ ಮಾಡುವ ಪೈ ಬೈ 180 ಎಂಬ ಗುಣಕ ಒಳಗೆ ಅಡಗಿ ಕೂತಿರುತ್ತದೆ, ಸರಪಳಿ ನಿಯಮ ಅದನ್ನು ಹೊರಗೆಳೆಯುತ್ತದೆ: 0.01745 ಪಟ್ಟು ಕಾಸ್. ಕಲನಶಾಸ್ತ್ರದಲ್ಲಿ ರೇಡಿಯನ್ ಏಕೆ ಎಂಬ ಪ್ರಶ್ನೆಗೆ ಇಷ್ಟೇ ಉತ್ತರ.

ಇನ್ನು ಆ ಹೊಡೆದುಹಾಕುವ ವಿಷಯ. ಮೊದಲ ನಿಷ್ಪನ್ನದಲ್ಲಿ ಅದು ಜ್ಞಾಪಕಕ್ಕೆ ಒಳ್ಳೆಯ ಉಪಾಯ ಎನ್ನುವುದನ್ನು ಒಪ್ಪುತ್ತೇವೆ. ಎರಡನೆಯ ನಿಷ್ಪನ್ನಕ್ಕೆ ಬಂದೊಡನೆ ಅದು ಮುಳುಗಿಸುತ್ತದೆ. ವೈ = ಯು², ಯು = ಎಕ್ಸ್² ಎಂದುಕೊಳ್ಳಿ. ವೈ ಎಂದರೆ ಎಕ್ಸ್⁴ ತಾನೆ? ಎರಡು ಸಲ ಅವಕಲಿಸಿದರೆ 12ಎಕ್ಸ್². ಹೊಡೆದುಹಾಕುವ ಜಾಣತನದಲ್ಲಿ ಎರಡು ಎರಡನೆಯ ನಿಷ್ಪನ್ನಗಳನ್ನು ಗುಣಿಸಿದರೆ 2 × 2 = 4. ಎಲ್ಲಿಯ 12ಎಕ್ಸ್², ಎಲ್ಲಿಯ 4! ನಿಜವಾದ ಸೂತ್ರದಲ್ಲಿ ಎರಡು ಪದಗಳಿವೆ: ಹೊರಗಿನದರ ಎರಡನೆಯ ನಿಷ್ಪನ್ನ ಇಂಟು ಒಳಗಿನದರ ಮೊದಲ ನಿಷ್ಪನ್ನದ ವರ್ಗ, ಅದಕ್ಕೆ ಕೂಡಿಸಿ, ಹೊರಗಿನದರ ಮೊದಲ ನಿಷ್ಪನ್ನ ಇಂಟು ಒಳಗಿನದರ ಎರಡನೆಯ ನಿಷ್ಪನ್ನ. ಇಲ್ಲಿ ಮೊದಲ ಪದ 2 × 4ಎಕ್ಸ್² = 8ಎಕ್ಸ್², ಎರಡನೆಯದು 2ಎಕ್ಸ್² × 2 = 4ಎಕ್ಸ್². ಕೂಡಿದರೆ 12ಎಕ್ಸ್², ತಾಳೆ. ಈ ಎರಡು ಪದ ಬರುವುದು ಮೊದಲ ನಿಷ್ಪನ್ನವೇ ಒಂದು ಗುಣಲಬ್ಧವಾಗಿರುವುದರಿಂದ. ಅದನ್ನು ಮತ್ತೆ ಅವಕಲಿಸುವಾಗ ಗುಣಲಬ್ಧ ನಿಯಮ ಬೇಕೇ ಬೇಕು.

ಎರಡಕ್ಕಿಂತ ಹೆಚ್ಚು ಚಲಕಗಳಿದ್ದರೆ ಅವಸ್ಥೆ ಇನ್ನೂ ಸ್ಪಷ್ಟ. ಆದರ್ಶ ಅನಿಲದ ಒತ್ತಡ, ಗಾತ್ರ, ತಾಪ ಮೂರನ್ನೂ ಸುತ್ತು ಹಾಕಿ ಆಂಶಿಕ ನಿಷ್ಪನ್ನಗಳನ್ನು, ಅಂದರೆ ಮೂರನೆಯದನ್ನು ಸ್ಥಿರವಾಗಿಟ್ಟು ತೆಗೆದ ನಿಷ್ಪನ್ನಗಳನ್ನು, ಗುಣಿಸಿ: ಗಾತ್ರ ಬದಲಾದಂತೆ ಒತ್ತಡದ್ದು, ತಾಪ ಬದಲಾದಂತೆ ಗಾತ್ರದ್ದು, ಒತ್ತಡ ಬದಲಾದಂತೆ ತಾಪದ್ದು. ಹೊಡೆದುಹಾಕುವವರ ಲೆಕ್ಕದಲ್ಲಿ 1 ಬರಬೇಕು. ಬರುವುದು ಮೈನಸ್ 1. ಪ್ರತಿ ನಿಷ್ಪನ್ನದಲ್ಲೂ ಸ್ಥಿರವಾಗಿ ಹಿಡಿದಿಟ್ಟ ಮೂರನೆಯ ರಾಶಿ ಬೇರೆ ಬೇರೆ. ಮೇಲೆ ಕೆಳಗೆ ಒಂದೇ ಅಕ್ಷರ ಕಂಡರೂ ಅವು ಒಂದೇ ಅಲುಗಾಟವಲ್ಲ.

ಮೊದಲ ನಿಷ್ಪನ್ನದಲ್ಲೂ ಹೊಡೆದುಹಾಕುವುದನ್ನೇ ನಿಯಮದ ಸಾಧನೆ (ಪ್ರೂಫ್) ಎಂದು ಬರೆದರೆ ಒಂದು ಬಿರುಕು ಉಳಿಯುತ್ತದೆ. ಡೆಲ್ಟಾ ಎಂದರೆ ಸಣ್ಣ ಅಲುಗಾಟ. ಡೆಲ್ಟಾ ವೈ ಬೈ ಡೆಲ್ಟಾ ಎಕ್ಸ್ ಎಂಬುದನ್ನು ಡೆಲ್ಟಾ ಯುದಿಂದ ಗುಣಿಸಿ ಭಾಗಿಸುತ್ತಾರೆ. ಡೆಲ್ಟಾ ಎಕ್ಸ್ ಸೊನ್ನೆಯಲ್ಲ ಎಂಬ ಭರವಸೆ ಇದೆ, ಡೆಲ್ಟಾ ಯು ಸೊನ್ನೆಯಲ್ಲ ಎಂಬ ಭರವಸೆ ಎಲ್ಲಿದೆ? ಯು = ಎಕ್ಸ್² ಸೈನ್(1 ಬೈ ಎಕ್ಸ್), ಸೊನ್ನೆಯಲ್ಲಿ ಮಾತ್ರ ಯು = 0 ಎಂದಿಟ್ಟರೆ, ಸೊನ್ನೆಯ ಎಷ್ಟೇ ಹತ್ತಿರ ಹೋದರೂ ಡೆಲ್ಟಾ ಯು ಮತ್ತೆ ಮತ್ತೆ ಸೊನ್ನೆಯಾಗುತ್ತದೆ. ತೇಪೆ ಸರಳ: ಡೆಲ್ಟಾ ಯು ಸೊನ್ನೆಯಾದ ಕಡೆ ಡೆಲ್ಟಾ ವೈ ಬೈ ಡೆಲ್ಟಾ ಯು ಎಂಬ ಅನುಪಾತದ ಜಾಗಕ್ಕೆ ಎಫ್ ಡ್ಯಾಶ್‌ನ ಬೆಲೆಯನ್ನೇ ಇಟ್ಟುಬಿಡುವುದು. ಆಗ ಡೆಲ್ಟಾ ವೈ = ಹೀಗೆ ತುಂಬಿದ ಅನುಪಾತ ಇಂಟು ಡೆಲ್ಟಾ ಯು ಎಂಬ ಸಮೀಕರಣ ಎರಡೂ ಸಂದರ್ಭದಲ್ಲಿ ನಿಲ್ಲುತ್ತದೆ, ಡೆಲ್ಟಾ ಎಕ್ಸ್‌ನಿಂದ ಭಾಗಿಸಿ ಸೀಮೆಗೆ (ಲಿಮಿಟ್) ಹೋಗಬಹುದು. ಪರೀಕ್ಷೆಗೆ ಇಷ್ಟೆಲ್ಲ ಬೇಕಾಗದಿರಬಹುದು. ಹಾಗಂತ ಬಿರುಕೇ ಇಲ್ಲ ಎಂದು ಹೇಳಬಾರದು.

ಕಲನಶಾಸ್ತ್ರ ಕಟ್ಟಿದವರಲ್ಲಿ ಒಬ್ಬರಾದ ಲೈಬ್ನಿಟ್ಸ್‌ಗೂ ಇದು ಸುಲಭವಾಗಿರಲಿಲ್ಲ. ಸರಪಳಿ ನಿಯಮದ ಬಳಕೆ ಮೊದಲು ಕಾಣುವುದು ಅವರ 1676ರ ಬರಹದಲ್ಲಿ. ಎ + ಬಿಝಡ್ + ಸಿಝಡ್² ಎಂಬುದರ ವರ್ಗಮೂಲವನ್ನು ಅವಕಲಿಸುವಾಗ ಪ್ಲಸ್ ಮೈನಸ್ ಗುರುತಿನಲ್ಲಿ ಅವರೇ ತಪ್ಪಿದ್ದರು. ತಮ್ಮ ವಿಧಾನವನ್ನು ಪ್ರಕಟಿಸಿದ್ದು 1684ರಲ್ಲಿ. ಗುರುತು ತಪ್ಪಿ ಒಂದು ಅಂಕ ಕಳೆದುಕೊಂಡವರು ಇದನ್ನು ನೆನಪಿಟ್ಟುಕೊಳ್ಳಬಹುದು.

ದರದ ಲೆಕ್ಕಗಳಿಗೆ ಬಂದರೆ ಸರಪಳಿ ನಿಯಮದ ಜೊತೆ ಮಾನಗಳೂ ಕೈಗೆ ಸಿಗುತ್ತವೆ. ಗೋಳಾಕಾರದ ಬಲೂನಿಗೆ ಸೆಕೆಂಡಿಗೆ 100 ಘನ ಸೆಂಟಿಮೀಟರ್ ಗಾಳಿ ತುಂಬುತ್ತಿದೆ, ತ್ರಿಜ್ಯ 5 ಸೆಂಟಿಮೀಟರ್ ಆದಾಗ ತ್ರಿಜ್ಯ ಬೆಳೆಯುವ ವೇಗವೆಷ್ಟು? ಗಾತ್ರ 4 ಬೈ 3 ಪೈ ಆರ್³. ಕಾಲಕ್ಕೆ ಅವಕಲಿಸಿದರೆ 4 ಪೈ ಆರ್² ಇಂಟು ಡಿಆರ್ ಬೈ ಡಿಟಿ. ಈಗ 5 ಹಾಕಿ: 100 ಭಾಗಿಸು 314.16, ಸೆಕೆಂಡಿಗೆ 0.318 ಸೆಂಟಿಮೀಟರ್. ತ್ರಿಜ್ಯ 10 ಆದಾಗ ಅದರ ಕಾಲು ಭಾಗ, ಸುಮಾರು 0.08. ಇಲ್ಲಿ ಎಡವುವುದು ಅವಸರಕ್ಕೆ. ಅವಕಲಿಸುವ ಮೊದಲೇ ಆರ್ ಜಾಗದಲ್ಲಿ 5 ಹಾಕಿಬಿಟ್ಟರೆ ಗಾತ್ರ ಒಂದು ಸ್ಥಿರಾಂಕವಾಗಿ ನಿಷ್ಪನ್ನ ಸೊನ್ನೆ, ಬಲೂನು ಊದುವುದೇ ಇಲ್ಲ! ಎಕ್ಸ್² + ವೈ² = 25ರಲ್ಲೂ ಇದೇ ಕಥೆ: ವೈ² ಅವಕಲಿಸಿ 2ವೈ ಬರೆದವರು ವೈ ಎಂಬುದು ಎಕ್ಸ್‌ನ ಫಲನ ಎನ್ನುವುದನ್ನು ಮರೆತು ಡಿವೈ ಬೈ ಡಿಎಕ್ಸ್ ಬಿಡುತ್ತಾರೆ. ಬಿಡದಿದ್ದರೆ (3, 4) ಬಿಂದುವಿನಲ್ಲಿ ಇಳಿಜಾರು ಮೈನಸ್ 3 ಬೈ 4.

ಈ ನಿಯಮ ಪರೀಕ್ಷೆಯ ಆಚೆ ಏತಕ್ಕೆ ಎಂದು ಕೇಳುವವರಿಗೆ ಒಂದು ಮಾತು. ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ನರಜಾಲಗಳು ಕಲಿಯುವುದು ಪದರಗಳನ್ನು ಹೊರಗಿನಿಂದ ಒಳಕ್ಕೆ ಅವಕಲಿಸುತ್ತಾ ಹೋಗುವ ಇದೇ ವಿಧಾನದಿಂದ. ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ 1986ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಅದು ಪ್ರಚಾರಕ್ಕೆ ಬಂತು. ಗುಣಾಕಾರದ ಸರಪಳಿಗೆ ಇರುವ ದೋಷವೂ ಅದಕ್ಕೆ ಬಂದಿದೆ. ಇಂಥ ಪದರಗಳಲ್ಲಿ ಬಳಸುತ್ತಿದ್ದ ಸಿಗ್ಮಾಯ್ಡ್ ಎಂಬ ಫಲನದ ನಿಷ್ಪನ್ನ ಎಲ್ಲಿಯೂ 1 ಬೈ 4 ಮೀರದು. ಅಂಥ ಹತ್ತು ಪದರಗಳ ಪಾಲನ್ನು ಮಾತ್ರ ಗುಣಿಸಿದರೂ ಉಳಿಯುವುದು ಹೆಚ್ಚೆಂದರೆ 10,48,576ರಲ್ಲಿ ಒಂದು ಭಾಗ. ಒಳಗಿನ ಪದರಕ್ಕೆ ತಿದ್ದುಪಡಿಯ ಸುದ್ದಿ ಮುಟ್ಟುವುದೇ ಇಲ್ಲ. ಒಳಗಿನ ಕೊಂಡಿಯ ಬೆಲೆ ಎಷ್ಟೆಂದು ನೋಡದೆ ಹೊರಗಿನಿಂದ ಗುಣಿಸುತ್ತಾ ಹೋಗುವುದಕ್ಕೆ ಅಲ್ಲೂ ದಂಡ ಇದ್ದೇ ಇದೆ.

ಕೊನೆಯದಾಗಿ, ಇದು ಸಂಪಾದಕರಾದ ತಮ್ಮಲ್ಲೇ ಮಾಡುವ ಕೋರಿಕೆ. ಸೂತ್ರಗಳನ್ನು ಅಚ್ಚಿಗೆ ಜೋಡಿಸುವಾಗ ಘಾತದ ಅಂಕಿ ಕೆಳಗೆ ಜಾರುವುದು ಪತ್ರಿಕೆಗಳಲ್ಲಿ ಆಗಾಗ ಕಾಣುವ ಸಂಗತಿ. ಬೇರೆ ಪುಟದಲ್ಲಾದರೆ ಅದು ಮುದ್ರಣದೋಷ. ಇಲ್ಲಿ ಫಲನವೇ ಬದಲಾಗುತ್ತದೆ. ಸೈನ್² ಎಕ್ಸ್, ಸೈನ್ ಎಕ್ಸ್², ಸೈನ್ 2ಎಕ್ಸ್ ಮೂರೂ ಬೇರೆ. ಅವುಗಳ ನಿಷ್ಪನ್ನಗಳು ಕ್ರಮವಾಗಿ 2 ಸೈನ್ ಎಕ್ಸ್ ಕಾಸ್ ಎಕ್ಸ್, 2ಎಕ್ಸ್ ಕಾಸ್ ಎಕ್ಸ್², 2 ಕಾಸ್ 2ಎಕ್ಸ್. ಇದರಲ್ಲಿ ಇನ್ನೊಂದು ತಮಾಷೆ: ಮೊದಲನೆಯದರ ನಿಷ್ಪನ್ನ 2 ಸೈನ್ ಎಕ್ಸ್ ಕಾಸ್ ಎಕ್ಸ್ ಎಂದರೆ ಸೈನ್ 2ಎಕ್ಸ್ ಎಂದೇ ಅರ್ಥ. ಸೈನ್² ಎಕ್ಸ್ ಅವಕಲಿಸಿ ಎಂಬ ಪ್ರಶ್ನೆಯಲ್ಲಿ 2 ಕೆಳಗೆ ಜಾರಿದರೆ ಪ್ರಶ್ನೆಯ ಜಾಗದಲ್ಲಿ ಉತ್ತರವೇ ಅಚ್ಚಾಗುತ್ತದೆ, ಮಕ್ಕಳು ಉತ್ತರವನ್ನು ಮತ್ತೊಮ್ಮೆ ಅವಕಲಿಸುತ್ತಾ ಕೂರುತ್ತಾರೆ. ಜಾಗ ಸ್ವಲ್ಪ ಹೆಚ್ಚು ಹಿಡಿದರೂ ಚಿಂತೆಯಿಲ್ಲ, ಮುಂದಿನ ಸಲ ಗಣಿತದ ಪುಟ ಮಾಡುವಾಗ (ಸೈನ್ ಎಕ್ಸ್)² ಎಂದೂ ಸೈನ್(ಎಕ್ಸ್²) ಎಂದೂ ಆವರಣ ಹಾಕಿಸಿ.

ಇಂತಿ,
ಇಬ್ಬರು ಗಣಿತ ಅಧ್ಯಾಪಕರು